ಪದೇ ಪದೇ ಅಪ್‌ಡೇಟ್ ಯಾಕೆ? ನಮ್ಮಿಂದ ಒಂದು ಬಸ್ ತಪ್ಪಿದ ಮೇಲೆ ಕಲಿತದ್ದು

ಕಳೆದ ತಿಂಗಳು ಒಂದು ಭಾನುವಾರ, ಬಂಗಾರಪೇಟೆಯಲ್ಲಿ ನಮ್ಮಲ್ಲೊಬ್ಬನ ಮನೆಯಲ್ಲಿ ನಾವು ನಾಲ್ಕು ಜನ ಇಂಟರ್ನಲ್ಸ್‌ಗೆ ಓದ್ತಾ ಕೂತಿದ್ವಿ. (ಓದ್ತಾ ಇದ್ವಿ ಅಂತಾನೇ ಇಟ್ಕೊಳ್ಳಿ.) ಅವನ ಅಮ್ಮ ಟೈಲರಿಂಗ್ ಮಾಡ್ತಾರೆ. ಮೆಷಿನ್ ನಿಲ್ಲಿಸಿ, ಫೋನ್ ಹಿಡ್ಕೊಂಡು ಬಂದು ಕೇಳಿದರು: “ಏನ್ರಪ್ಪಾ, ಈ ಆ್ಯಪ್ ಮೊನ್ನೆ ತಾನೇ ಅಪ್‌ಡೇಟ್ ಆಯ್ತು, ಇವತ್ತು ಮತ್ತೆ ಕೇಳ್ತಿದೆ. ಅವರಿಗೆ ಒಂದೇ ಸಲ ಸರಿಯಾಗಿ ಮಾಡೋಕೆ ಬರಲ್ವಾ?”

“ಬಗ್ ಇರ್ತವೆ ಆಂಟಿ, ಅದಕ್ಕೆ” ಅಂದ್ವಿ.

“ಬಗ್ ಇದ್ರೆ ಯಾಕೆ ಕಳಿಸ್ಬೇಕು? ನಾನು ಬ್ಲೌಸ್ ಕೊಟ್ಟು, ಈ ವಾರ ಒಂದು ಹುಕ್ಕು, ಮುಂದಿನ ವಾರ ಇನ್ನೊಂದು ಹುಕ್ಕು ಹಾಕ್ಕೊಡ್ತೀನಿ ಅಂದ್ರೆ ಯಾರಾದ್ರೂ ಒಪ್ತಾರಾ?”

ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೋದ ಸೆಮಿಸ್ಟರ್‌ವರೆಗೆ ನಮ್ಮ ಅಭಿಪ್ರಾಯವೂ ಅದೇ ಆಗಿತ್ತು. ಎಲ್ಲವನ್ನೂ ಪೂರ್ತಿ ಮುಗಿಸಿ, ಒಂದೇ ಸಲ, ನೀಟಾಗಿ ಕೊಡಬೇಕು ಅಂತ ನಾವು ನಂಬಿದ್ವಿ. ಹಾಗೇ ಕೊಟ್ಟೂ ಬಿಟ್ವಿ. ಅದರಿಂದ ನಮ್ಮ ಒಬ್ಬ ಜೂನಿಯರ್ ಲ್ಯಾಬ್ ಇಂಟರ್ನಲ್ಸ್ ಬರೆಯೋಕೆ ಆಗಲಿಲ್ಲ. ಈ ಲೇಖನದಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳು ಯಾಕೆ ಚಿಕ್ಕ ಚಿಕ್ಕ ಅಪ್‌ಡೇಟ್‌ಗಳನ್ನು ಮತ್ತೆ ಮತ್ತೆ ಬಿಡುತ್ತವೆ ಅನ್ನೋದನ್ನು ನಮಗೆ ಅರ್ಥವಾದಷ್ಟು ಹೇಳ್ತೀವಿ. ನಾವೂ ಸೆಕೆಂಡ್ ಇಯರ್‌ನವರೇ, ಸ್ಕೂಲಲ್ಲಿ ಎಲ್ಲಾ ಇಂಗ್ಲಿಷ್‌ನಲ್ಲೇ ಓದಿದವರು. ಕನ್ನಡದಲ್ಲಿ ಟೆಕ್ನಿಕಲ್ ಬರೆಯೋದು ಇದೇ ಮೊದಲು. ತಪ್ಪಿದ್ರೆ ಹೇಳಿ, ಮುಂದಿನ ವರ್ಷನ್‌ನಲ್ಲಿ ಸರಿ ಮಾಡ್ತೀವಿ.

ಮೊದಲು ಆ ನಂಬರ್‌ಗಳು

ಅಪ್‌ಡೇಟ್ ಬಂದಾಗ 2.4.1 ಅಂತ ಮೂರು ಅಂಕಿ ಕಾಣುತ್ತವಲ್ಲ, ಅದಕ್ಕೆ ಒಂದು ಒಪ್ಪಂದ ಇದೆ. ಮೊದಲನೇ ಅಂಕಿ ಬದಲಾದರೆ ದೊಡ್ಡ ಬದಲಾವಣೆ, ಹಳೆಯದಕ್ಕೆ ಹೊಂದದೇ ಇರಬಹುದು. ನಡುವಿನದು ಬದಲಾದರೆ ಹೊಸದೇನೋ ಸೇರಿದೆ, ಆದರೆ ಹಳೆಯದು ಮುಂಚಿನ ಹಾಗೇ ನಡೆಯುತ್ತೆ. ಕೊನೆಯದು ಬದಲಾದರೆ ರಿಪೇರಿ ಮಾತ್ರ. ಎಲ್ಲರೂ ಇದನ್ನು ಪಾಲಿಸಲ್ಲ. ಲೈಬ್ರರಿ ಬರೆಯೋರು ಸಾಮಾನ್ಯವಾಗಿ ಪಾಲಿಸ್ತಾರೆ, ಫೋನ್ ಆ್ಯಪ್‌ಗಳು ತಮಗೆ ಇಷ್ಟ ಬಂದ ಹಾಗೆ ಹಾಕ್ಕೊಳ್ತವೆ. ನಾವಿಲ್ಲಿ ಮಾತಾಡ್ತಿರೋದು ಕೊನೆಯ ಎರಡು ಅಂಕಿಗಳ ಬಗ್ಗೆ.

ನಮ್ಮ ಬಸ್ ಆ್ಯಪ್

ನಮ್ಮ ಕಾಲೇಜಿಗೆ ಬಂಗಾರಪೇಟೆ ಸ್ಟೇಷನ್, ರಾಬರ್ಟ್‌ಸನ್‌ಪೇಟೆ, ಕೋಲಾರ ಕಡೆಯಿಂದ ಬರೋ ಡೇ ಸ್ಕಾಲರ್‌ಗಳು ಬಹಳ. ಬಸ್ ಟೈಮ್ ಪದೇ ಪದೇ ಬದಲಾಗುತ್ತೆ. ನೋಟಿಸ್ ಬೋರ್ಡ್‌ನಲ್ಲಿ ಒಂದಿರುತ್ತೆ, ಡ್ರೈವರ್ ಅಣ್ಣ ಹೇಳೋದು ಇನ್ನೊಂದಿರುತ್ತೆ. ಅದಕ್ಕೆ ನಾವು ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ವಿ. ಸ್ಟಾಪ್ ಆರಿಸಿದ್ರೆ ಬಸ್‌ಗಳ ಪಟ್ಟಿ ಬರುತ್ತೆ, ಅಷ್ಟೇ. ಜನ ಬಳಸೋಕೆ ಶುರು ಮಾಡಿದರು. ಖುಷಿಯಾಯ್ತು. ಖುಷಿಯಲ್ಲಿ “ವರ್ಷನ್ 2” ಅಂತ ಪ್ಲಾನ್ ಹಾಕಿದ್ವಿ.

ಮೂರೂವರೆ ತಿಂಗಳು ಏನೂ ರಿಲೀಸ್ ಮಾಡದೇ ಕೆಲಸ ಮಾಡಿದ್ವಿ. ಒಟ್ಟು 23 ಬದಲಾವಣೆ. ಅದರಲ್ಲಿ ಮೂರು ಇಲ್ಲಿ ಮುಖ್ಯ.

ಒಂದನೇದು, “ಮುಂದಿನ ಬಸ್” ಅನ್ನೋ ಡಬ್ಬಿ. ಈಗಿನ ಸಮಯ ನೋಡಿ, ಮುಂದೆ ಬರೋ ಬಸ್ ಯಾವುದು ಅಂತ ತೋರಿಸುತ್ತೆ. ಸಮಯಗಳು 1:10 ಪಿಎಂ ಅನ್ನೋ ರೀತಿ ಇದ್ದಿದ್ದರಿಂದ, ಪಿಎಂ ಇದ್ರೆ 12 ಕೂಡಿಸಿ ಲೆಕ್ಕ ಹಾಕುತ್ತಿತ್ತು. ಎರಡನೇದು, ನಮ್ಮಲ್ಲಿ ಇನ್ನೊಬ್ಬಳು ಡೇಟಾ ಎಲ್ಲವನ್ನೂ ರೈಲ್ವೆ ಟೈಮ್‌ಗೆ ಬದಲಾಯಿಸಿದಳು, 1:10 ಹೋಗಿ 13:10 ಆಯ್ತು. ಪಕ್ಕದ ಪಿಎಂ ಗುರುತನ್ನು ತೆಗೆಯಲಿಲ್ಲ, ಯಾಕಂದ್ರೆ ಸ್ಕ್ರೀನ್ ಮೇಲೆ ತೋರಿಸೋಕೆ ಬೇಕಿತ್ತು. ಮೂರನೇದು, ಯಾರಾದರೂ ಡೇಟಾದಲ್ಲಿ ತಪ್ಪು ಸಮಯ ಹಾಕಿದರೆ ಆ್ಯಪ್ ಕ್ರ್ಯಾಶ್ ಆಗದಿರಲಿ ಅಂತ, 24 ಗಂಟೆ ಮೀರಿದ ಸಮಯವನ್ನು ಸುಮ್ಮನೆ ಬಿಟ್ಟುಬಿಡೋ ಒಂದು ಚೆಕ್.

ಒಂದೊಂದನ್ನೇ ನೋಡಿದ್ರೆ ಮೂರೂ ಸರಿ. ಮೂರೂ ಸೇರಿದಾಗ 13:10ಕ್ಕೆ ಇನ್ನೊಂದು 12 ಸೇರಿ 25:10 ಆಯ್ತು. 25:10 ತಪ್ಪು ಸಮಯ ಅಂತ ಚೆಕ್ ಅದನ್ನು ಬಿಸಾಕಿತು. ಮಧ್ಯಾಹ್ನದ ಎಲ್ಲಾ ಬಸ್‌ಗಳೂ ಸದ್ದಿಲ್ಲದೆ ಮಾಯ. ಮೂರನೇ ಬದಲಾವಣೆ ಇಲ್ಲದಿದ್ದರೆ ಸ್ಕ್ರೀನ್ ಮೇಲೆ 25:10 ಅಂತ ಬಂದು ಯಾರಾದರೂ ನಕ್ಕು ನಮಗೆ ಮೆಸೇಜ್ ಹಾಕಿರೋರು.

ಟೆಸ್ಟ್ ಮಾಡಲಿಲ್ವಾ ಅಂತ ಕೇಳ್ತೀರಾ? ಮಾಡಿದ್ವಿ. ರಾತ್ರಿ 11 ಗಂಟೆಗೆ. “ಮುಂದಿನ ಬಸ್: ನಾಳೆ 7:20” ಅಂತ ಬಂತು. ರಾತ್ರಿ 11ಕ್ಕೆ ಅದೇ ಸರಿ ಉತ್ತರ! ಹೈಫೈ ಕೊಟ್ಟು ರಿಲೀಸ್ ಮಾಡಿ ಮಲಗಿದ್ವಿ. ಮಾರನೇ ದಿನ ಲ್ಯಾಬ್ ಇಂಟರ್ನಲ್ಸ್ ಇತ್ತು.

ಮಾರನೇ ದಿನ ಮಧ್ಯಾಹ್ನ 12:40ಕ್ಕೆ ಬಂಗಾರಪೇಟೆ ಸ್ಟೇಷನ್ ಹತ್ತಿರ ನಿಂತಿದ್ದ ಫಸ್ಟ್ ಇಯರ್ ಹುಡುಗಿಯೊಬ್ಬಳು ಆ್ಯಪ್ ತೆಗೆದು ನೋಡಿದಾಗಲೂ “ಮುಂದಿನ ಬಸ್: ನಾಳೆ 7:20” ಅಂತಾನೇ ಬಂತು. ಮಧ್ಯಾಹ್ನದ ಬಸ್ ಕ್ಯಾನ್ಸಲ್ ಆಗಿದೆ ಅಂದ್ಕೊಂಡು ಅವಳು ಶೇರ್ ಆಟೋ ಹುಡುಕೋಕೆ ಆ ಕಡೆ ಹೋದಳು. 1:10ರ ಬಸ್ ಸರಿಯಾಗಿ 1:10ಕ್ಕೆ ಬಂದು, ಹೋಯ್ತು. ಅವಳು ಕಾಲೇಜು ಮುಟ್ಟಿದಾಗ ಲ್ಯಾಬ್ ಶುರುವಾಗಿ 35 ನಿಮಿಷ ಆಗಿತ್ತು. ಒಳಗೆ ಬಿಡಲಿಲ್ಲ. ಸಂಜೆ ನಮ್ಮನ್ನು ಹುಡುಕಿಕೊಂಡು ಬಂದು, ಬೈಯಲಿಲ್ಲ, “ಅಣ್ಣಾ, ಬಸ್ ಇತ್ತಂತೆ” ಅಂದಳು. ಬೈದಿದ್ರೇ ವಾಸಿ ಇತ್ತು.

ಅನುಮಾನಿತರ ಪಟ್ಟಿ

ಆ ಸಂಜೆ ನಾವು ಬಗ್ ಹುಡುಕೋಕೆ ಕೂತ್ವಿ. ಕಷ್ಟ ಏನು ಅಂದ್ರೆ, ತಪ್ಪು 23 ಬದಲಾವಣೆಗಳಲ್ಲಿ ಯಾವುದರಲ್ಲಾದರೂ ಇರಬಹುದು. ಯಾವುದೋ ಎರಡು ಸೇರಿ ಆಗಿರಬಹುದು ಅಂದ್ರೆ 253 ಜೋಡಿ. ಮೂರು ಸೇರಿ ಆಗಿರಬಹುದು ಅಂದ್ರೆ 1,771 ತ್ರಿವಳಿ. (ಪರ್ಮ್ಯುಟೇಶನ್ ಕಾಂಬಿನೇಶನ್ ಪಿಯುಸಿಯಲ್ಲಿ ಯಾಕೆ ಓದಿದ್ವಿ ಅಂತ ಆವತ್ತು ಗೊತ್ತಾಯ್ತು.) ನಮ್ಮದು ಮೂರರ ಕೇಸ್. ಅದೃಷ್ಟಕ್ಕೆ ಎಲ್ಲವನ್ನೂ ಪರೀಕ್ಷಿಸಬೇಕಾಗಿ ಬರಲಿಲ್ಲ, ಆದರೂ ರಾತ್ರಿ ಹತ್ತಾಯ್ತು.

ಗಿಟ್ ಬಳಸೋರಿಗೆ ಬೈಸೆಕ್ಟ್ ಅನ್ನೋ ಕಮಾಂಡ್ ಗೊತ್ತಿರಬಹುದು. ಯಾವ ಕಮಿಟ್‌ನಲ್ಲಿ ತಪ್ಪು ಬಂತು ಅಂತ ಬೈನರಿ ಸರ್ಚ್ ಮಾಡುತ್ತೆ. ನಡುವಿನ ಕಮಿಟ್ ತೆಗೆದು ಕೊಡುತ್ತೆ, ನಾವು ಸರಿ ಅಥವಾ ತಪ್ಪು ಅಂತ ಹೇಳ್ತೀವಿ, ಪ್ರತಿ ಸಲ ಅರ್ಧ ಭಾಗ ಹೊರಗೆ ಹೋಗುತ್ತೆ. 23 ಕಮಿಟ್ ಇದ್ದಿದ್ದರೆ ಹೆಚ್ಚೆಂದರೆ 5 ಸಲದಲ್ಲಿ ಸಿಗಬೇಕಿತ್ತು. ಸಾವಿರ ಇದ್ದರೂ ಸುಮಾರು 10 ಸಲ ಸಾಕು. ಆದರೆ ನಾವು ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಸೇರಿಸಿ “ಫೈನಲ್ ಫೈನಲ್” ಅಂತ ಒಂದೇ ಕಮಿಟ್ ಮಾಡಿದ್ವಿ. ಒಂದೇ ಕಮಿಟ್‌ನಲ್ಲಿ ಬೈನರಿ ಸರ್ಚ್ ಎಲ್ಲಿಂದ ಮಾಡೋದು?

ಚಿಕ್ಕ ರಿಲೀಸ್‌ನ ಮೊದಲ ಲಾಭ ಇದೇ. ಚಿಕ್ಕದಾದ ಮಾತ್ರಕ್ಕೆ ತಪ್ಪು ಆಗಲ್ಲ ಅಂತಲ್ಲ. ತಪ್ಪು ಆದಾಗ ಅನುಮಾನಿತರ ಪಟ್ಟಿ ಚಿಕ್ಕದಾಗಿರುತ್ತೆ. ರೈಲ್ವೆ ಟೈಮ್ ಬದಲಾವಣೆಯನ್ನು ಮಾಡಿದ ವಾರವೇ ಬಿಟ್ಟಿದ್ದರೆ, ಆಗ ತಪ್ಪು ಕಂಡಿದ್ದರೆ, ಹೊಸದು ಅಂತ ಇರೋದು ಅದೊಂದೇ. ಉಳಿದದ್ದೆಲ್ಲ ಹೋದ ವಾರ ನಡೀತಿದ್ದದ್ದು. ನೇರವಾಗಿ ಅಲ್ಲಿಗೇ ಹೋಗಬಹುದಿತ್ತು.

ಇನ್ನೊಂದು ವಿಷಯ ನಾವು ಮುಂಚೆ ಯೋಚಿಸೇ ಇರಲಿಲ್ಲ: ನೆನಪು. ಪಿಎಂ ಗುರುತನ್ನು ಯಾಕೆ ಉಳಿಸಿದಳು ಅಂತ ಅವಳಿಗೇ ಮೂರು ತಿಂಗಳಾದ ಮೇಲೆ ನೆನಪಿರಲಿಲ್ಲ. ಮಾಡಿದ ಎರಡನೇ ದಿನ ಕೇಳಿದ್ರೆ ಅರ್ಧ ನಿಮಿಷದಲ್ಲಿ ಹೇಳಿರೋಳು. ಕೋಡ್ ಬರೆದವರ ತಲೆಯಲ್ಲಿ ವಿಷಯ ಬಿಸಿ ಇರುವಾಗಲೇ ಬಳಸೋರ ಕೈಗೆ ಹೋಗಬೇಕು.

ರ‍್ಯಾಂಕ್ ಮತ್ತು ಜ್ಞಾ

ಇದು ಬರೀ ನಮ್ಮಂಥ ಕಲಿಯೋರ ಸಮಸ್ಯೆ ಅಲ್ಲ ಅಂತ ತೋರಿಸೋಕೆ, ಕನ್ನಡ ಸಂಘದ ಓದುಗರಿಗೆ ಸರಿಯಾಗಿ ಹೊಂದೋ ಒಂದು ಉದಾಹರಣೆ.

“ರ‍್ಯಾಂಕ್” ಅಂತ ಟೈಪ್ ಮಾಡಿ ನೋಡಿ. ಸುಮ್ಮನೆ ರ, ಹಲಂತ, ಯ ಒತ್ತಿದ್ರೆ “ಸೂರ್ಯ”ದಲ್ಲಿ ಬರೋ ಹಾಗೆ ಅರ್ಕಾವತ್ತು ಬಂದು “ರ್ಯಾಂಕ್” ಆಗುತ್ತೆ. ರ ಕೆಳಗೆ ಯ ಒತ್ತು ಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು, ಅದರ ಹೆಸರು ಜೀರೋ ವಿಡ್ತ್ ಜಾಯಿನರ್. ಅದನ್ನು ಹಲಂತದ ಮುಂಚೆ ಹಾಕಬೇಕು ಅನ್ನೋದು ಈಗಿನ ಕ್ರಮ. ಹಳೆಯ ಪಠ್ಯಗಳಲ್ಲಿ ಅದು ಹಲಂತದ ನಂತರ ಬಂದಿರುತ್ತೆ. ಹೊಸ ಕ್ರಮ ಮಾತ್ರ ಗೊತ್ತಿರೋ ಸಾಫ್ಟ್‌ವೇರ್‌ನಲ್ಲಿ ಹಳೆಯ ಪಠ್ಯ ತೆಗೆದರೆ ಅಕ್ಷರ ಬೇಕಾದ ರೂಪದಲ್ಲಿ ಬರಲ್ಲ.

ಅಕ್ಷರಗಳನ್ನು ಹೀಗೆ ಜೋಡಿಸಿ ಸರಿಯಾದ ಆಕಾರ ಕೊಡೋ ಒಂದು ಓಪನ್ ಸೋರ್ಸ್ ಲೈಬ್ರರಿ ಇದೆ, ಹಾರ್ಫ್‌ಬಜ್ ಅಂತ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲಾ ಅದನ್ನೇ ಬಳಸುತ್ತವೆ. ಅಂದ್ರೆ ನೀವು ಈ ಲೇಖನವನ್ನು ಓದ್ತಿರೋದೂ ಬಹುಶಃ ಅದರ ಮೂಲಕವೇ. ಅದರ ಕೋಡ್‌ನಲ್ಲಿ ಕನ್ನಡಕ್ಕೆ ಅಂತಾನೇ ಒಂದು ತುಣುಕು ಇದೆ: ಲಿಪಿ ಕನ್ನಡ ಆಗಿದ್ದು, ರ, ಹಲಂತ, ಜೋಡಕ ಈ ಕ್ರಮದಲ್ಲಿ ಬಂದರೆ, ಕೊನೆಯ ಎರಡರ ಜಾಗ ಅದಲುಬದಲು ಮಾಡು. ಕೆಲವೇ ಸಾಲು. ಅಷ್ಟಕ್ಕೇ ಹಳೆಯ ಕನ್ನಡ ಪಠ್ಯಗಳು ಸರಿಯಾಗಿ ಕಾಣುತ್ತವೆ.

ಈಗ ಯೋಚಿಸಿ. ಇಂಥ ಕೆಲವು ಸಾಲಿನ ರಿಪೇರಿಯನ್ನು “ಮುಂದಿನ ದೊಡ್ಡ ವರ್ಷನ್ ಬರಲಿ, ಜೊತೆಗೆ ಹಾಕೋಣ” ಅಂತ ಇಟ್ಟುಕೊಂಡರೆ ಏನಾಗುತ್ತೆ? ರಿಪೇರಿ ಮೊದಲು ಲೈಬ್ರರಿಯಲ್ಲಿ ಬರಬೇಕು. ಆಮೇಲೆ ಬ್ರೌಸರ್‌ನವರು ಆ ಲೈಬ್ರರಿಯ ಹೊಸ ಆವೃತ್ತಿ ತಗೋಬೇಕು. ಆಮೇಲೆ ಬ್ರೌಸರ್ ನಮ್ಮ ಫೋನ್‌ಗೆ ಬರಬೇಕು. ಪ್ರತಿ ಮೆಟ್ಟಿಲಲ್ಲೂ ಒಂದು ವರ್ಷ ಕಾದರೆ, ಫಸ್ಟ್ ಇಯರ್‌ನಲ್ಲಿ ಕಂಡ ತಪ್ಪು ನಾವು ಡಿಗ್ರಿ ಮುಗಿಸೋ ಹೊತ್ತಿಗೆ ಸರಿಹೋಗುತ್ತೆ. ಯೂನಿಕೋಡ್‌ನಲ್ಲೂ ಹೀಗೇ. 2021ರ 14.0 ಆವೃತ್ತಿಯಲ್ಲಿ ಕನ್ನಡಕ್ಕೆ “ನಕಾರ ಪೊಲ್ಲು” ಅನ್ನೋ ಹಳಗನ್ನಡದ ಅಕ್ಷರ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಫೋನ್‌ನಲ್ಲಿ ಕಾಣಲ್ಲ. ಫಾಂಟ್ ಅಪ್‌ಡೇಟ್ ಆಗಬೇಕು, ಆ ಫಾಂಟ್ ಸಿಸ್ಟಮ್ ಒಳಗೆ ಬರಬೇಕು. ನಮ್ಮ ಫೋನ್‌ಗೆ ಬರೋ ಎಷ್ಟೋ “ಸಣ್ಣ” ಅಪ್‌ಡೇಟ್‌ಗಳು ಹೀಗೆ ಇನ್ನೆಲ್ಲೋ ಆದ ಸಣ್ಣ ಬದಲಾವಣೆಯ ಕೊನೆಯ ಮೆಟ್ಟಿಲು.

ಪಕ್ಕದ ಮನೆ ಭಾಷೆಯ ಕಥೆ ಇನ್ನೂ ಜೋರು. ಬಂಗಾರಪೇಟೆ, ಕೆಜಿಎಫ್ ಕಡೆಯವರಿಗೆ ತೆಲುಗು ಹೊಸದಲ್ಲ, ನಮ್ಮ ಗ್ರೂಪ್‌ಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಮೆಸೇಜ್‌ನಲ್ಲಿ ಬರ್ತವೆ. 2018ರ ಫೆಬ್ರವರಿಯಲ್ಲಿ ತೆಲುಗಿನ “ಜ್ಞಾ” ಅಕ್ಷರದ ಒಂದು ರೂಪ, ಕಾಣದ ಸಂಕೇತವೊಂದು ಸೇರಿದ್ದು, ಐಫೋನ್‌ಗೆ ಬಂದರೆ ಸಾಕು, ಅದನ್ನು ತೋರಿಸೋಕೆ ಹೋದ ಆ್ಯಪ್ ಕ್ರ್ಯಾಶ್ ಆಗುತ್ತಿತ್ತು. ನೋಟಿಫಿಕೇಶನ್‌ನಲ್ಲಿ ಬಂದರೆ ಹೋಮ್ ಸ್ಕ್ರೀನೇ ಬೀಳುತ್ತಿತ್ತು. ಜ್ಞಾನ ಅನ್ನೋ ಪದದ ಮೊದಲ ಅಕ್ಷರ ಫೋನ್ ಬೀಳಿಸುತ್ತೆ ಅಂದ್ರೆ ನಗು ಬರುತ್ತೆ, ಆದರೆ ಕಿಡಿಗೇಡಿಗಳು ಬೇಕಂತಲೇ ಕಳಿಸೋಕೆ ಶುರು ಮಾಡಿದರು.

ಇಲ್ಲಿ ಗಮನಿಸಬೇಕಾದ್ದು: ರಿಪೇರಿ ಆಗಲೇ ಸಿದ್ಧವಿತ್ತು. ಐಒಎಸ್ 11.3ರ ಬೀಟಾದಲ್ಲಿ ಈ ತೊಂದರೆ ಇರಲಿಲ್ಲ. ಆದರೆ 11.3 ಹೊರಬಂದದ್ದು ಮಾರ್ಚ್ 29ಕ್ಕೆ. ಅಲ್ಲಿವರೆಗೆ ಕಾಯದೆ ಆಪಲ್ ಫೆಬ್ರವರಿ 19ರಂದು 11.2.6 ಅಂತ ಒಂದು ಸಣ್ಣ ಅಪ್‌ಡೇಟ್ ಬಿಟ್ಟಿತು. ದೊಡ್ಡದನ್ನು ಅವಸರದಲ್ಲಿ ಬಿಡೋಕೆ ಆಗಲ್ಲ, ಅದರಲ್ಲಿ ಇನ್ನೂ ಹಣ್ಣಾಗದ ನೂರು ವಿಷಯ ಇರುತ್ತೆ. ಬೇಕಾದ್ದನ್ನು ಮಾತ್ರ ಕಿತ್ತು ಕೊಡೋ ದಾರಿ ಮುಂಚೆಯೇ ಇದ್ದಿದ್ದರಿಂದ ಐದೂವರೆ ವಾರ ಉಳಿಯಿತು. ಆ ಮೂರನೇ ಅಂಕಿ ಇರೋದೇ ಇದಕ್ಕೆ.

ಭದ್ರತೆ ವಿಷಯದಲ್ಲಂತೂ ದಿನಗಳ ಲೆಕ್ಕ. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ರಿಪೇರಿ ಕೊಟ್ಟಿತ್ತು. ಅದೇ ತೂತಿನ ಮೂಲಕ ವಾನಾಕ್ರೈ ಹರಡಿದ್ದು ಮೇ 12ಕ್ಕೆ. ನಡುವಿನ ಎರಡು ತಿಂಗಳಲ್ಲಿ “ಆಮೇಲೆ ನೆನಪಿಸು” ಒತ್ತಿದವರೇ ಹೆಚ್ಚಾಗಿ ಸಿಕ್ಕಿಬಿದ್ದರು.

ಮುಂದಿನ ಟ್ರೈನ್ ಇದೆಯಲ್ಲ

ಸಾಫ್ಟ್‌ವೇರ್ ಲೋಕದಲ್ಲಿ “ರಿಲೀಸ್ ಟ್ರೈನ್” ಅಂತ ಒಂದು ಮಾತಿದೆ. ಬಂಗಾರಪೇಟೆ ಜಂಕ್ಷನ್‌ನಿಂದ ಓಡಾಡೋರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ದಿನಕ್ಕೆ ಒಂದೇ ಟ್ರೈನ್ ಇದ್ದರೆ ಏನಾಗುತ್ತೆ? ಎಲ್ಲರೂ ಅದಕ್ಕೇ ನುಗ್ತಾರೆ, ಫುಟ್‌ಬೋರ್ಡ್‌ನಲ್ಲಿ ನೇತಾಡ್ತಾರೆ, “ಒಂದ್ನಿಮಿಷ, ಇವರೂ ಬಂದುಬಿಡ್ಲಿ” ಅಂತ ತಡ ಮಾಡಿಸೋಕೆ ನೋಡ್ತಾರೆ. ಅರ್ಧ ಗಂಟೆಗೊಂದು ಟ್ರೈನ್ ಇದ್ದರೆ ಒಂದು ತಪ್ಪಿದರೂ ಚಹಾ ಕುಡಿದು ಮುಂದಿನದಕ್ಕೆ ಹೋಗಬಹುದು. (ಮಾರಿಕುಪ್ಪಂ ಲೈನ್‌ನವರು ಇದನ್ನು ಓದಿ ನಿಟ್ಟುಸಿರು ಬಿಡ್ತಾರೆ, ಗೊತ್ತು.)

ಫೈರ್‌ಫಾಕ್ಸ್ ಬ್ರೌಸರ್‌ನ ಇತಿಹಾಸದಲ್ಲಿ ಇದು ಹಾಗೇ ನಡೆದಿದೆ. 3.6 ಬಂದದ್ದು 2010ರ ಜನವರಿಯಲ್ಲಿ. 4.0 ಬಂದದ್ದು 2011ರ ಮಾರ್ಚ್‌ನಲ್ಲಿ. ನಡುವೆ ಹದಿನಾಲ್ಕು ತಿಂಗಳು, 12 ಬೀಟಾಗಳು. ಮುಂದಿನ ಗಾಡಿ ಯಾವಾಗ ಅಂತ ಗೊತ್ತಿಲ್ಲದಾಗ ಎಲ್ಲರೂ ತಮ್ಮ ಫೀಚರ್ ಇದರಲ್ಲೇ ಹೋಗಲಿ ಅಂತಾರೆ, ಅರೆಬೆಂದದ್ದನ್ನೂ ತುಂಬ್ತಾರೆ, ಅದನ್ನು ಸರಿ ಮಾಡೋಕೆ ಇನ್ನಷ್ಟು ತಡವಾಗುತ್ತೆ, ತಡವಾಯ್ತಲ್ಲ ಅಂತ ಇನ್ನಷ್ಟು ತುಂಬ್ತಾರೆ. ನಮ್ಮ “ವರ್ಷನ್ 2” ಕೂಡ ಇದೇ ಸುಳಿಯಲ್ಲಿ ಸಿಕ್ಕಿತ್ತು. ಆವತ್ತು ನಮಗೆ ಅದಕ್ಕೆ ಹೆಸರು ಗೊತ್ತಿರಲಿಲ್ಲ.

4.0 ಆದ ಮೇಲೆ ಅವರು ಗೇರ್ ಬದಲಾಯಿಸಿದರು. 5.0 ಅದೇ ವರ್ಷದ ಜೂನ್‌ನಲ್ಲಿ ಬಂತು, ಅಲ್ಲಿಂದ ಆರು ವಾರಕ್ಕೊಂದು. 2020ರಿಂದ ನಾಲ್ಕು ವಾರಕ್ಕೊಂದು. ಕ್ರೋಮ್ 2010ರಲ್ಲೇ ಆರು ವಾರದ ಲೆಕ್ಕಕ್ಕೆ ಬಂದಿತ್ತು, 2021ರಲ್ಲಿ ಅದೂ ನಾಲ್ಕು ವಾರಕ್ಕೆ ಇಳಿಯಿತು. ಗಾಡಿ ಹೊರಡೋ ದಿನ ಮೊದಲೇ ಗೊತ್ತು. ಸಿದ್ಧವಾಗಿದ್ದದ್ದು ಹತ್ತುತ್ತೆ, ಆಗದೇ ಇದ್ದದ್ದು ಮುಂದಿನದಕ್ಕೆ. ಇದರಲ್ಲಿ ನಮಗೆ ಇಷ್ಟವಾದದ್ದು ವೇಗ ಅಲ್ಲ. “ಇನ್ನೂ ಆಗಿಲ್ಲ” ಅಂತ ಹೇಳೋಕೆ ಯಾರಿಗೂ ಭಯ ಇರಲ್ಲ ಅನ್ನೋದು.

ಹಾಗಂತ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ನೂರಾರು ಕಂಪ್ಯೂಟರ್ ನೋಡಿಕೊಳ್ಳೋ ಆಫೀಸು, ಕಾಲೇಜುಗಳಿಗೆ ಆರು ವಾರಕ್ಕೊಮ್ಮೆ ಎಲ್ಲವನ್ನೂ ಮತ್ತೆ ಪರೀಕ್ಷಿಸೋದು ತಲೆನೋವು. ಅವರಿಗಾಗಿ 2012ರಲ್ಲಿ ಫೈರ್‌ಫಾಕ್ಸ್ ಬೇರೆ ಒಂದು ನಿಧಾನದ ಗಾಡಿ ಬಿಟ್ಟಿತು. ಅದರಲ್ಲಿ ಹೊಸ ಫೀಚರ್ ಅಪರೂಪ, ಭದ್ರತೆಯ ರಿಪೇರಿ ಮಾತ್ರ ತಪ್ಪದೆ ಬರುತ್ತೆ. ಬಳಸೋರ ಕಡೆಯ ಖರ್ಚು ಸುಳ್ಳಲ್ಲ. ಡೇಟಾ ಹೋಗುತ್ತೆ, ನಿನ್ನೆ ಇದ್ದ ಬಟನ್ ಇವತ್ತು ಇರಲ್ಲ, ಹಳೇ ಫೋನ್‌ನಲ್ಲಿ ಜಾಗ ಸಾಲಲ್ಲ. ಗೂಗಲ್ ಪ್ಲೇ ಸಾಧ್ಯವಾದಾಗ ಪೂರ್ತಿ ಆ್ಯಪ್ ಬದಲು ವ್ಯತ್ಯಾಸ ಮಾತ್ರ ಕಳಿಸುತ್ತೆ, ಅದರಿಂದ ಡೇಟಾ ಭಾರ ಕಡಿಮೆ. ಬಟನ್ ಸ್ಥಳ ಬದಲಾಯಿಸೋ ಚಟಕ್ಕೆ ಮಾತ್ರ ಇನ್ನೂ ಔಷಧಿ ಬಂದಿಲ್ಲ. ಮತ್ತೆ “ಬಗ್ ಫಿಕ್ಸಸ್ ಅಂಡ್ ಇಂಪ್ರೂವ್‌ಮೆಂಟ್ಸ್” ಅಂತ ಒಂದೇ ಸಾಲು ಬರೆದು ಕೈತೊಳ್ಕೊಳ್ಳೋರ ಬಗ್ಗೆ ನಮಗೆ ಸಿಟ್ಟಿದೆ. ಏನು ಬದಲಾಯ್ತು ಅಂತ ಹೇಳದಿದ್ದರೆ ಬಳಸೋರು ನಂಬೋದು ಹೇಗೆ?

ಚಿಕ್ಕದು ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ

ನಮ್ಮಲ್ಲೊಬ್ಬನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿಗಳೆಲ್ಲ ಮುಚ್ಚಿದವು. ಈ ಲೇಖನದ ವಿಷಯ ಹೇಳಿದಾಗ ತಾತ ಹೇಳಿದ್ದು: ಬಂಡೆಗೆ ತೂತು ಕೊರೀತಾರೆ, ಮದ್ದು ತುಂಬ್ತಾರೆ, ಎಲ್ಲರೂ ದೂರ ಹೋದ ಮೇಲೆ ಸಿಡಿಸ್ತಾರೆ. ಹೊಗೆ ಹೋದ ಮೇಲೆ ಮೊದಲು ಒಳಗೆ ಹೋಗೋರು ಮೇಲ್ಛಾವಣಿ ತಟ್ಟಿ ನೋಡ್ತಾರೆ. ಸಡಿಲ ಕಲ್ಲು ಕೆಡವಿ, ಆಸರೆ ಕೊಟ್ಟು, ಆಮೇಲೆ ಮುಂದಿನ ಸುತ್ತು. ಕೆಲವು ಅಡಿ ಮಾತ್ರ ಮುಂದೆ. “ಒಂದೇ ಸಲ ಜಾಸ್ತಿ ಸಿಡಿಸಿದ್ರೆ ಚಿನ್ನ ಬೇಗ ಸಿಗಲ್ವಾ ತಾತ?” ಅಂದ್ರೆ, “ಸಿಗುತ್ತೆ, ತಗೊಂಡು ಬರೋಕೆ ನೀನಿರಲ್ಲ” ಅಂದರು.

ನಮಗೆ ಇದರಲ್ಲಿ ಸಿಕ್ಕ ಪಾಠ ಚಿಕ್ಕ ಸಿಡಿತ ಮಾತ್ರ ಅಲ್ಲ, ನಡುವಿನ ತಟ್ಟಿ ನೋಡೋದು. ತಟ್ಟಿ ನೋಡದೆ ಚಿಕ್ಕ ಚಿಕ್ಕದಾಗಿ ಬಿಟ್ಟರೂ ಅನಾಹುತವೇ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ಬಿಟ್ಟ ಅಪ್‌ಡೇಟ್ ತುಂಬಾ ಚಿಕ್ಕದು, ಒಂದು ಡೇಟಾ ಫೈಲ್. ಅಂಥವನ್ನು ಅವರು ಆಗಾಗ ಬಿಡುತ್ತಲೇ ಇದ್ದರು. ಆವತ್ತಿನದು ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಪರದೆಗೆ ತಳ್ಳಿತು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟ ಫೋಟೋಗಳು ನಿಮಗೂ ನೆನಪಿರಬಹುದು. ಕಂಪನಿ 78 ನಿಮಿಷದಲ್ಲಿ ಅದನ್ನು ವಾಪಸ್ ತಗೊಂಡಿತ್ತು. ಆದರೆ ಬಿದ್ದ ಕಂಪ್ಯೂಟರ್ ಆನ್ ಆದರೆ ತಾನೆ ವಾಪಸ್ ಬಂದದ್ದು ಗೊತ್ತಾಗೋದು? ಬಹಳಷ್ಟನ್ನು ಒಂದೊಂದಾಗಿ ಕೈಯಲ್ಲೇ ಸರಿ ಮಾಡಬೇಕಾಯ್ತು. ಮೊದಲು ಒಂದು ಸಾವಿರ ಕಂಪ್ಯೂಟರ್‌ಗೆ ಕಳಿಸಿ, ಒಂದು ಗಂಟೆ ಕಾದು, ಆಮೇಲೆ ಉಳಿದವಕ್ಕೆ ಕಳಿಸಿದ್ದರೆ ಅದು ಸುದ್ದಿಯೇ ಆಗ್ತಿರಲಿಲ್ಲ.

ಗಣಿಗೂ ಸಾಫ್ಟ್‌ವೇರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಿಡಿದ ಬಂಡೆಯನ್ನು ಮತ್ತೆ ಜೋಡಿಸೋಕೆ ಆಗಲ್ಲ. ನಮಗೆ ಹಳೇ ವರ್ಷನ್‌ಗೆ ವಾಪಸ್ ಹೋಗೋ ಸೌಕರ್ಯ ಇದೆ, ಆದರೆ ಮುಂಚೆಯೇ ಆ ದಾರಿ ಇಟ್ಟುಕೊಂಡಿದ್ದರೆ ಮಾತ್ರ. ಬಸ್ ಕೇಸ್‌ನಲ್ಲಿ ನಾವು ಹಳೇ ಡೇಟಾ ಮೇಲೆ ಹೊಸದನ್ನು ಬರೆದುಬಿಟ್ಟಿದ್ವಿ. ವಾಪಸ್ ಹೋಗೋಕೂ ಆಗದೆ, ಮುಂದೆ ಹೋಗೋಕೂ ಆಗದೆ ರಾತ್ರಿ ಹತ್ತಾದದ್ದು ಅದಕ್ಕೇ.

ಈಗ ನಾವು ಮಾಡೋದು

ಆ ರಾತ್ರಿ ಬಗ್ ಸಿಕ್ಕ ಮೇಲೆ ಬಂಗಾರಪೇಟೆಯ ನಮ್ಮ ಮಾಮೂಲಿ ಪಾನಿಪೂರಿ ಗಾಡಿ ಮುಚ್ಚಿತ್ತು, ಹಾಗಾಗಿ ಮೀಟಿಂಗ್ ಮಾರನೇ ದಿನ ನಡೆಯಿತು. ನಮ್ಮೂರ ಪಾನಿ ನೀರಿನ ಥರ ತಿಳಿಯಾಗಿರುತ್ತೆ, ನೋಡಿದ್ರೆ ಖಾರ ಎಷ್ಟಿದೆ ಅಂತ ಗೊತ್ತಾಗಲ್ಲ. ಗಾಡಿ ಅಣ್ಣ ಮೊದಲನೇ ಪೂರಿ ಕೊಟ್ಟು ಮುಖ ನೋಡ್ತಾರೆ, ಎರಡನೇದಕ್ಕೆ ಸರಿ ಮಾಡ್ತಾರೆ. ನಮ್ಮಲ್ಲೊಬ್ಬಳು ಪೂರಿ ಬಾಯಲ್ಲಿಟ್ಟುಕೊಂಡೇ “ನೋಡ್ರೋ, ಇವರು ಆರೂ ಒಂದೇ ಸಲ ಕೊಡಲ್ಲ” ಅಂದಳು. ಪ್ರೊಸೆಸ್ ಡಾಕ್ಯುಮೆಂಟ್ ಅಂತ ನಮ್ಮ ಹತ್ತಿರ ಇರೋದು ಅದೊಂದೇ.

ಈಗ ಪ್ರತಿ ಮಂಗಳವಾರ ಸಂಜೆ ರಿಲೀಸ್. ಏನೂ ಸಿದ್ಧ ಇಲ್ಲದಿದ್ದರೆ ಆ ವಾರ ಇಲ್ಲ. ಪರೀಕ್ಷೆ ಹಿಂದಿನ ದಿನ ಖಂಡಿತ ಇಲ್ಲ. ಒಂದು ಬದಲಾವಣೆಗೆ ಒಂದು ಕಮಿಟ್, ಯಾಕೆ ಮಾಡಿದ್ವಿ ಅಂತ ಒಂದು ಸಾಲು. ಮೊದಲ ದಿನ ನಮ್ಮ ಬಸ್‌ನ 12 ಜನರಿಗೆ ಮಾತ್ರ ಹೊಸದು ಕಾಣುತ್ತೆ, ಗುರುವಾರ ಎಲ್ಲರಿಗೂ. ಡೇಟಾ ಬದಲಾಯಿಸೋದಿದ್ದರೆ ಹಳೆಯದರ ಒಂದು ಪ್ರತಿ ಪಕ್ಕಕ್ಕಿಡ್ತೀವಿ. ಟೆಸ್ಟ್‌ನಲ್ಲಿ ಗಡಿಯಾರವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರಕ್ಕೂ ತಿರುಗಿಸಿ ನೋಡ್ತೀವಿ. ಹೊಸದು ಏನು ಅಂತ ಎರಡು ಸಾಲು ಕನ್ನಡದಲ್ಲಿ ಬರೀತೀವಿ, ಯಾರೂ ಓದದಿದ್ದರೂ. ಬಗ್ ಕಡಿಮೆ ಆಗಿವೆ ಅಂತ ಹೇಳೋಕೆ ನಮಗೆ ಧೈರ್ಯ ಇಲ್ಲ. ಸಿಕ್ಕ ಬಗ್ ಆ ದಿನವೇ ಸರಿಹೋಗ್ತಿದೆ.

ಟೈಲರ್ ಆಂಟಿಗೆ ಇದೆಲ್ಲ ಹೇಳಿದ್ವಿ. ಪೂರ್ತಿ ಒಪ್ಪಲಿಲ್ಲ. ಆದರೆ ಮಾತಿನ ಮಧ್ಯೆ ಅವರೇ ಅಂದರು, ಮದುವೆಗೆ ಅಂತ ಆರು ಬ್ಲೌಸ್ ಬಟ್ಟೆ ಕೊಟ್ಟರೆ ಮೊದಲು ಒಂದನ್ನು ಹೊಲಿದು, ಹಾಕಿಸಿ ನೋಡಿ, ಆಮೇಲೆ ಉಳಿದ ಐದಕ್ಕೆ ಕತ್ತರಿ ಹಾಕೋದಂತೆ. “ಅದು ಬೇರೆ, ಇದು ಬೇರೆ” ಅಂತಲೂ ಸೇರಿಸಿದರು.

ಆ ಜೂನಿಯರ್ ಈಗ ನಮ್ಮ 12 ಜನರಲ್ಲಿ ಒಬ್ಬಳು. ನಾವು ಕೇಳಲಿಲ್ಲ, ಅವಳೇ ಬಂದಳು. ಎರಡು ವಾರದ ಹಿಂದೆ ಬುಧವಾರ ಬೆಳಿಗ್ಗೆ ಅವಳಿಂದ ಮೆಸೇಜ್ ಬಂತು: “ಅಣ್ಣಾ, ಕೋಲಾರ ರೂಟ್‌ನಲ್ಲಿ 8:05 ಎರಡು ಸಲ ತೋರಿಸ್ತಿದೆ.” ಹಿಂದಿನ ದಿನ ಬಿಟ್ಟದ್ದು ಒಂದೇ ಬದಲಾವಣೆ. ಇಪ್ಪತ್ತು ನಿಮಿಷದಲ್ಲಿ ಸರಿಯಾಯ್ತು. ನೋಡು ಅಂತ ಹೇಳೋಕೆ ಕ್ಯಾಂಟೀನ್‌ನಲ್ಲಿ ಅವಳ ಫೋನ್ ಕೇಳಿದ್ವಿ. ವಾಲ್‌ಪೇಪರ್ ಆಗಿ ನೋಟಿಸ್ ಬೋರ್ಡ್‌ನ ಬಸ್ ಟೈಮ್‌ಟೇಬಲ್ ಫೋಟೋ ಇತ್ತು.